ಮುನಿಸಿನ ನಂತರದ ಮಾತು

ರಾಯಚೂರು, ಕಲಬುರಗಿ, ಬೀದರಿನವರಿಗೆ ಹೈದರಾಬಾದ್ ಪರಊರಲ್ಲ. ನಿಜಾಮರ ಕಾಲದಿಂದಲೂ ಕೋರ್ಟು, ಕಚೇರಿ, ಓದು, ಆಸ್ಪತ್ರೆ ಎಂದು ಇಲ್ಲಿಗೇ ಬಂದವರು. ಕಾಚಿಗುಡದಲ್ಲಿ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿಕೊಂಡು ನೆಲೆ ನಿಂತವರು. ಈಗ ಬರುವ ಹುಡುಗ ಹುಡುಗಿಯರು ಮನೆ ಮಾಡುವುದು ಮಿಯಾಪುರ, ಕೊಂಡಾಪುರದ ಫ್ಲ್ಯಾಟುಗಳಲ್ಲಿ. ಇಬ್ಬರಿಗೂ ಐಟಿ ಕೆಲಸ. ಮುನಿಸಿಕೊಂಡರೆ ನಡುವೆ ಬರಲು ಅತ್ತೆಯಿಲ್ಲ, ಅತ್ತಿಗೆಯಿಲ್ಲ. ಅಂಥ ಮನೆಯಲ್ಲಿ ರಾತ್ರಿ ಹನ್ನೊಂದರ ಜಗಳ ಹೆಚ್ಚುಕಡಿಮೆ ಹೀಗಿರುತ್ತದೆ:

“ರೀ, ಸಂಜಿಂದ ನೋಡ್ಲಿಕತ್ತೀನಿ, ಒಂದ್ ಮಾತಿಲ್ಲ. ಏನಾಗ್ಯಾದ ನಿಮಗ?”

“ಏನಿಲ್ಲ.”

“ಏನಿಲ್ಲಂದ್ರ ಮಾರಿ ಯಾಕ ಹಂಗ?”

“ಏನಿಲ್ಲ ಅಂದ್ನಲ್ಲ, ಬಿಡು.”

ಅವಳ ದನಿ ಏರುತ್ತದೆ, ಅವನು ಮೊಬೈಲ್ ಹಿಡಿದು ಬಾಲ್ಕನಿಗೆ ಹೋಗುತ್ತಾನೆ. ಇವತ್ತು ಕಾರಣ ಫ್ಲ್ಯಾಟಿನ ಕಂತು, ನಾಳೆ ತವರಿನ ಮದುವೆ. ಕಾರಣ ಬದಲಾದರೂ ಒಬ್ಬರು ಬೆನ್ನು ಹತ್ತುವುದು, ಇನ್ನೊಬ್ಬರು ಹಿಂದೆ ಸರಿಯುವುದು ಬದಲಾಗುವುದಿಲ್ಲ. ಇದನ್ನು ಬಿಡಿಸಿಕೊಡುತ್ತೇವೆಂದು ‘ಅಟ್ಯಾಚ್‌ಮೆಂಟ್ ಕೋಚಿಂಗ್’ ಹೆಸರಿನಲ್ಲಿ ಫೀಸು ಪಡೆಯುವವರು ಈಗ ನಗರಗಳಲ್ಲಿದ್ದಾರೆ, ವಿಡಿಯೊ ಕಾಲ್‌ನಲ್ಲೂ ಸಿಗುತ್ತಾರೆ. ಆ ಹೆಸರಿನ ಹಿಂದೆ ಎಪ್ಪತ್ತು ವರ್ಷಗಳ ಗಟ್ಟಿ ವಿಜ್ಞಾನವಿದೆ. ಫೀಸು ಕಟ್ಟುವ ಮೊದಲು ಓದುಗರು ಅದನ್ನು ತಿಳಿದಿರಬೇಕು ಎಂಬುದು ನನ್ನ ಆಸೆ. ಏಕೆಂದರೆ ಅದರ ಹೆಸರಿನಲ್ಲಿ ಮಾರಾಟವಾಗುವ ಮಾತುಗಳಿಗಿಂತ ಆ ವಿಜ್ಞಾನ ಕೊಡುವ ಭರವಸೆಯೇ ದೊಡ್ಡದು.

ಕಥೆ ಶುರುವಾಗುವುದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ. ಎರಡನೇ ಮಹಾಯುದ್ಧದ ನಂತರದ ಲಂಡನ್ನಿನಲ್ಲಿ ಜಾನ್ ಬೌಲ್ಬಿ ಎಂಬ ಮನೋವೈದ್ಯ ತಾಯಿಯಿಂದ ಬೇರ್ಪಟ್ಟ ಮಕ್ಕಳ ಬಗ್ಗೆ ಕೆಲಸ ಮಾಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಬರೆದ ವರದಿ 1951ರಲ್ಲಿ ಬಂತು. ಆಗ ಬ್ರಿಟನ್ನಿನ ಬಹಳಷ್ಟು ಆಸ್ಪತ್ರೆಗಳು ಅಪ್ಪ ಅಮ್ಮಂದಿರನ್ನು ಮಗುವಿನ ಹತ್ತಿರ ಬಿಡುತ್ತಿದ್ದುದೇ ಅಪರೂಪ. ಬೌಲ್ಬಿಯ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಕೈಯಲ್ಲಿ ಹಿಡಿಯುವ ಕ್ಯಾಮರಾ ತೆಗೆದುಕೊಂಡು, ಎರಡೂವರೆ ವರ್ಷವೂ ತುಂಬದ ಲಾರಾ ಎಂಬ ಹುಡುಗಿ ಆಸ್ಪತ್ರೆಯಲ್ಲಿ ಕಳೆದ ಎಂಟು ದಿನಗಳನ್ನು ಚಿತ್ರಿಸಿದರು. ಲಾರಾ ರಂಪ ಮಾಡುವುದಿಲ್ಲ. ಬಿಗಿಯಾಗಿ ಕೂತಿರುತ್ತಾಳೆ, ಆಗಾಗ ಅಮ್ಮ ಎಲ್ಲಿ ಎಂದು ಸಣ್ಣ ದನಿಯಲ್ಲಿ ಕೇಳುತ್ತಾಳೆ. ಹೊರಡುವ ದಿನ ಅಮ್ಮ ಕೈ ಚಾಚಿದರೆ ಹಿಡಿಯುವುದೇ ಇಲ್ಲ. ಸುಮ್ಮನಿರುವ ಮಗು ಆಸ್ಪತ್ರೆಗೆ ಹೊಂದಿಕೊಂಡಿದೆ ಎಂದು ಅಲ್ಲಿಯವರೆಗೆ ನಂಬಿದ್ದ ವೈದ್ಯರಿಗೆ 1952ರ ಈ ಚಿತ್ರ ನುಂಗಲಾರದ ತುತ್ತಾಯಿತು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿಯ ವರದಿ ಮಕ್ಕಳ ವಾರ್ಡಿನ ಬಾಗಿಲು ಹೆತ್ತವರಿಗೆ ಸದಾ ತೆರೆದಿರಲಿ ಎಂದು ಶಿಫಾರಸು ಮಾಡಿತು.

ಮಗು ಅಮ್ಮನಿಗೆ ಅಂಟಿಕೊಳ್ಳುವುದು ಹಾಲಿಗಾಗಿ ಎಂಬ ನಂಬಿಕೆಯೂ ಅದೇ ದಶಕದಲ್ಲಿ ಬಿತ್ತು. 1958ರಲ್ಲಿ ಅಮೆರಿಕದ ಹ್ಯಾರಿ ಹಾರ್ಲೊ ಪ್ರಕಟಿಸಿದ ಪ್ರಯೋಗದಲ್ಲಿ ಕೋತಿಮರಿಗಳು ಹಾಲು ಕೊಡುವ ತಂತಿಯ ಬೊಂಬೆಯ ಹತ್ತಿರ ಹೊಟ್ಟೆ ತುಂಬುವಷ್ಟು ಹೊತ್ತು ಮಾತ್ರ ಇದ್ದು, ಉಳಿದಂತೆ ಬಟ್ಟೆ ಹೊದಿಸಿದ ಮೆತ್ತನೆಯ ಬೊಂಬೆಯನ್ನೇ ತಬ್ಬಿ ಕೂರುತ್ತಿದ್ದವು.

ಆದರೆ ಅಟ್ಯಾಚ್‌ಮೆಂಟ್ ಎನ್ನುವ ಈ ಬಂಧವನ್ನು ಅಳೆಯುವಂತೆ ಮಾಡಿದವರು ಮೇರಿ ಐನ್ಸ್‌ವರ್ತ್. 1954ರಲ್ಲಿ ಗಂಡನ ಕೆಲಸದ ನಿಮಿತ್ತ ಉಗಾಂಡಾಕ್ಕೆ ಹೋದ ಈಕೆ ಸುಮ್ಮನೆ ಕೂರಲಿಲ್ಲ. ಕಂಪಾಲಾದ ಸುತ್ತಲಿನ ಹಳ್ಳಿಗಳಲ್ಲಿ 26 ಮನೆಗಳಿಗೆ ತಿಂಗಳುಗಟ್ಟಲೆ ಹೋಗಿ, ಕೂಸುಗಳು ತಾಯಂದಿರೊಂದಿಗೆ ಇರುವ ಬಗೆಯನ್ನು ಬರೆದುಕೊಂಡರು. ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇಪ್ಪತ್ತು ನಿಮಿಷದ ಒಂದು ಪರೀಕ್ಷೆ ರೂಪಿಸಿದರು. ವರ್ಷ ತುಂಬಿದ ಮಗು ಅಮ್ಮನೊಂದಿಗೆ ಆಟಿಕೆಗಳಿರುವ ಹೊಸ ಕೋಣೆಗೆ ಬರುತ್ತದೆ. ಅಪರಿಚಿತ ಹೆಂಗಸೊಬ್ಬಳು ಒಳಬರುತ್ತಾಳೆ. ಅಮ್ಮ ಎದ್ದು ಹೊರಗೆ ಹೋಗಿ, ಎರಡು ಮೂರು ನಿಮಿಷಕ್ಕೆ ಮರಳುತ್ತಾಳೆ. ಐನ್ಸ್‌ವರ್ತ್ ಕಣ್ಣಿಟ್ಟದ್ದು ಮಗು ಎಷ್ಟು ಅತ್ತಿತು ಎಂಬುದಕ್ಕಿಂತ ಹೆಚ್ಚಾಗಿ ಅಮ್ಮ ಮರಳಿದ ಆ ಗಳಿಗೆಯ ಮೇಲೆ. ಬಹುಪಾಲು ಮಕ್ಕಳು ಓಡಿಬಂದು ಕೈ ಚಾಚಿ, ಎತ್ತಿಕೊಂಡ ಕೂಡಲೇ ಸಮಾಧಾನಗೊಂಡು ಮತ್ತೆ ಆಟಕ್ಕಿಳಿದವು. ಕೆಲವು ಅಪ್ಪಿಕೊಂಡೇ ಒದ್ದವು, ಎಷ್ಟು ತಟ್ಟಿದರೂ ತಣಿಯಲಿಲ್ಲ. ಇನ್ನು ಕೆಲವು ಅಮ್ಮ ಬಂದದ್ದೇ ಗೊತ್ತಿಲ್ಲವೆಂಬಂತೆ ಆಟಿಕೆಯತ್ತ ಮುಖ ತಿರುಗಿಸಿದವು.

ಈ ಮೂರನೆಯ ಗುಂಪಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಮುಂದೆ ಸಂಶೋಧಕರು ಇಂಥ ಮಕ್ಕಳ ಎದೆಬಡಿತ ಅಳೆದಾಗ, ಮುಖದಲ್ಲಿ ಏನೂ ಕಾಣದ ಮಗುವಿನ ಎದೆಯೂ ಅಳುವ ಮಗುವಿನದರಂತೆಯೇ ಹೊಡೆದುಕೊಳ್ಳುತ್ತಿತ್ತು. ಅತ್ತರೆ ಯಾರೂ ಬರುವುದಿಲ್ಲ, ಬಂದರೂ ಗದರುತ್ತಾರೆ ಎಂದು ಮತ್ತೆ ಮತ್ತೆ ಕಂಡ ಮಗು ಅಳುವುದನ್ನು ಬಿಡುತ್ತದೆ. ಹೆದರುವುದನ್ನು ಬಿಡುವುದಿಲ್ಲ. ಬಾಲ್ಕನಿಗೆ ಹೋಗಿ ನಿಂತ ಗಂಡಸನ್ನು ಕಲ್ಲುಮನಸ್ಸಿನವನೆಂದು ತೀರ್ಮಾನಿಸುವ ಮುಂಚೆ ಇದು ನೆನಪಿರಲಿ.

ದೊಡ್ಡವರ ಪ್ರೀತಿಯಲ್ಲೂ ಇವೇ ಮೂರು ಬಗೆ ಕಾಣುತ್ತವೆಯೇ ಎಂದು 1987ರಲ್ಲಿ ಸಿಂಡಿ ಹೇಜನ್, ಫಿಲಿಪ್ ಶೇವರ್ ಕೇಳಿದರು. ಡೆನ್ವರ್‌ನ ದಿನಪತ್ರಿಕೆಯೊಂದರಲ್ಲಿ ಪ್ರಶ್ನಾವಳಿ ಅಚ್ಚು ಹಾಕಿಸಿ, ಬಂದ ಉತ್ತರಗಳಲ್ಲಿ 620 ಅನ್ನು ಲೆಕ್ಕ ಹಾಕಿದಾಗ ಶೇ 56ರಷ್ಟು ಜನ ನೆಮ್ಮದಿಯ ಗುಂಪಿಗೆ ಬಂದರು, ಶೇ 25 ದೂರ ಸರಿಯುವವರು, ಶೇ 19 ಆತಂಕದಿಂದ ಹಿಡಿದಿಟ್ಟುಕೊಳ್ಳುವವರು. ಪತ್ರಿಕೆ ಓದಿ ಉತ್ತರಿಸಿದವರ ಲೆಕ್ಕ ಇಡೀ ಸಮಾಜದ್ದಾಗುವುದಿಲ್ಲ, ಆದರೆ ಅಲ್ಲಿಂದ ದೊಡ್ಡ ಸಂಶೋಧನೆಯೇ ಹುಟ್ಟಿತು. 2006ರಲ್ಲಿ ಜೇಮ್ಸ್ ಕೋನ್ ಮತ್ತು ಸಂಗಡಿಗರು ದಾಂಪತ್ಯದಲ್ಲಿ ಸುಖಿಗಳಾಗಿದ್ದ 16 ಹೆಂಗಸರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಕಾಲಿಗೆ ಸಣ್ಣ ಶಾಕ್ ಬರಬಹುದೆಂದು ಎಚ್ಚರಿಸಿದರು. ಒಬ್ಬಳೇ ಇದ್ದಾಗ ಮಿದುಳಿನ ಅಪಾಯದ ಜಾಲ ಪೂರ್ತಿ ಎದ್ದು ಕೂರುತ್ತಿತ್ತು. ಅಪರಿಚಿತನ ಕೈ ಹಿಡಿದರೆ ಸ್ವಲ್ಪ ತಗ್ಗುತ್ತಿತ್ತು. ಗಂಡನ ಕೈ ಹಿಡಿದರೆ ಇನ್ನೂ ತಗ್ಗುತ್ತಿತ್ತು. ದಾಂಪತ್ಯ ಚೆನ್ನಾಗಿದ್ದಷ್ಟೂ ಆ ತಗ್ಗುವಿಕೆ ಹೆಚ್ಚು.

ಹಾಗಾದರೆ ಚೆನ್ನಾಗಿರುವುದೆಂದರೆ ಜಗಳವೇ ಆಡದಿರುವುದೇ? ಎಡ್ವರ್ಡ್ ಟ್ರಾನಿಕ್ ಅವರ ಕೆಲಸ ಇಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ. 1978ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕೂಸಿನೊಡನೆ ನಗುತ್ತಿದ್ದ ತಾಯಿ ಒಮ್ಮೆಲೇ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರುತ್ತಾಳೆ. ಕೂಸು ನಕ್ಕು ನೋಡುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಕೊನೆಗೆ ಮುಖ ತಿರುಗಿಸಿ ಕುಸಿಯುತ್ತದೆ. ತಾಯಿ ಮತ್ತೆ ನಕ್ಕರೆ ಚೇತರಿಸಿಕೊಳ್ಳುತ್ತದೆ. ಟ್ರಾನಿಕ್ ತಂಡ ಮಾಮೂಲಿ ತಾಯಿ ಮಗುವಿನ ಆಟವನ್ನೂ ಕ್ಷಣ ಕ್ಷಣ ಬಿಡಿಸಿ ನೋಡಿತು. ಅಕ್ಕರೆಯ ಜೋಡಿಗಳಲ್ಲೂ ತಾಯಿ ಮಗು ಒಂದೇ ಭಾವದಲ್ಲಿ ಕೂಡಿರುವುದು ಹೆಚ್ಚೆಂದರೆ ಮೂರನೇ ಒಂದು ಪಾಲು ಹೊತ್ತು. ಉಳಿದದ್ದು ತಪ್ಪುವುದು, ಮತ್ತೆ ಕೂಡುವುದು. ತಪ್ಪಿದರೂ ಮತ್ತೆ ಕೂಡುತ್ತೇವೆ ಎಂಬ ಅನುಭವ ಸಾವಿರ ಸಲ ಮರುಕಳಿಸಿ ಮಗುವಿನ ನೆಮ್ಮದಿಯಾಗುತ್ತದೆ. ಮುನಿಸಿನ ನಂತರ ಮೊದಲು ಮಾತಾಡಿಸುವವರು ಮನೆಯಲ್ಲಿ ಮಾಡುತ್ತಿರುವುದೂ ಇದೇ ಕೆಲಸ.

ಇದನ್ನು ಕಲಿಸಬಹುದೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದು ದಿನವೂ ನಡೆದಿದೆ. ಹೆರಿಗೆಯ ನಂತರ ತೀವ್ರ ಮಾನಸಿಕ ಕಾಯಿಲೆ ಬಂದ ತಾಯಂದಿರನ್ನು ಕೂಸಿನ ಸಮೇತ ಸೇರಿಸಿಕೊಳ್ಳುವ ವಾರ್ಡು 2009ರಲ್ಲಿ ಅಲ್ಲಿ ಶುರುವಾಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ ಬರುವ ಬಾಣಂತಿ ಸನ್ನಿಯಂಥ ಕಾಯಿಲೆಯಲ್ಲಿ ತಾಯಿಯನ್ನು ಒಂದು ಕಡೆ, ಮಗುವನ್ನು ಇನ್ನೊಂದು ಕಡೆ ಇಡುವುದು ಹಳೆಯ ರೂಢಿ. ಇಲ್ಲಿ ಔಷಧದ ಜೊತೆಗೆ ಕೂಸನ್ನು ಹಿಡಿಯುವುದು, ಅದರ ಕಣ್ಣು ನೋಡಿ ಮಾತಾಡುವುದು, ಅದು ಮುಖ ತಿರುಗಿಸಿದರೆ ಸಾಕೆನ್ನುತ್ತಿದೆ ಎಂದು ಅರಿತು ಬಿಡುವುದು ಇವನ್ನೆಲ್ಲ ಸಿಬ್ಬಂದಿ ಪಕ್ಕದಲ್ಲಿದ್ದು ರೂಢಿ ಮಾಡಿಸುತ್ತಾರೆ. ಮನೆಯ ಹೆಂಗಸೊಬ್ಬರು, ಹೆಚ್ಚಾಗಿ ಅಜ್ಜಿ, ಜೊತೆಗೇ ಇರುತ್ತಾರೆ.

ದಂಪತಿಗಳಿಗೆ ಇದೇ ದಾರಿಯನ್ನು 1980ರ ದಶಕದಲ್ಲಿ ಕೆನಡಾದಲ್ಲಿ ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದರು. ಇಲ್ಲಿ ಯಾರು ಸರಿ ಎಂಬ ಪಂಚಾಯಿತಿ ನಡೆಯುವುದಿಲ್ಲ. ಜಗಳವನ್ನು ನಿಧಾನಗೊಳಿಸಿ, “ಏನಿಲ್ಲ” ಎನ್ನುವ ಮುಂಚಿನ ಅರೆಗಳಿಗೆಯಲ್ಲಿ ಮೈಯಲ್ಲಿ ಏನಾಯಿತು ಎಂದು ಕೇಳುತ್ತಾರೆ. “ಎದಿ ಬಿಗಿ ಹಿಡಿತದರಿ, ಏನ್ ಅಂದ್ರೂ ತಪ್ಪೇ ಆಗ್ತದ ಅನಸ್ತದ” ಎಂಬ ಉತ್ತರ ಬಂದರೆ, ಅಷ್ಟು ವರ್ಷ ತಾತ್ಸಾರವೆಂದುಕೊಂಡಿದ್ದ ಹೆಂಡತಿಗೆ ಮೊದಲ ಬಾರಿ ಅವನ ಭಯ ಕೇಳಿಸುತ್ತದೆ. ಅವಳ ಏರುದನಿಯ ಕೆಳಗೆ “ನೀವು ನನ್ನ ಬಿಟ್ಟು ದೂರ ಹೊಂಟ್ರಿ” ಎಂಬ ದಿಗಿಲಿದೆ ಎಂದು ಅವನಿಗೂ ತಿಳಿಯುತ್ತದೆ.

ಪಶ್ಚಿಮದ ಈ ಅಳತೆಗೋಲನ್ನು ನಮ್ಮ ಮನೆಗಳಿಗೆ ಹಾಗೇ ಹಿಡಿಯಬಾರದು ಎಂಬ ಎಚ್ಚರವೂ ಬೇಕು. 1988ರಲ್ಲಿ ಎಂಟು ದೇಶಗಳ 32 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ದೇಶ ದೇಶಗಳ ನಡುವಣ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಹೆಚ್ಚೆಂದು ಕಂಡಿತು. ಆ ಎಂಟರಲ್ಲಿ ಭಾರತ ಇರಲಿಲ್ಲ. ಅಜ್ಜಿ, ಚಿಕ್ಕಮ್ಮ, ಸೋದರಮಾವ ಎಂದು ಹಲವು ಮಡಿಲುಗಳಲ್ಲಿ ಬೆಳೆಯುವ ಮಗುವಿಗೆ ನೆಮ್ಮದಿಯ ತಾವೂ ಹಲವು. ಅಂಥ ಮಗುವಿಗೆ ಹದಿನೈದು ತುಂಬುವಾಗ ಹೈದರಾಬಾದಿನಲ್ಲಿ ಇನ್ನೊಂದು ಅಗಲಿಕೆ ಕಾದಿರುತ್ತದೆ. ಹತ್ತನೇ ತರಗತಿ ಮುಗಿಯುತ್ತಲೇ ಇಂಟರ್ ಓದಲು ಹಾಸ್ಟೆಲ್ಲಿಗೆ ಬಿಡುವುದು ಇಲ್ಲಿ ಸಾಮಾನ್ಯ; ಕೈಯಲ್ಲಿ ಮೊಬೈಲ್ ಇರುವುದಿಲ್ಲ, ಮಾತಿಗೆ ಸಿಗುವುದು ಗೊತ್ತುಮಾಡಿದ ಹೊತ್ತು ಮಾತ್ರ. ಆ ಕೆಲವು ನಿಮಿಷಗಳನ್ನೆಲ್ಲ ವೀಕ್ಲಿ ಟೆಸ್ಟಿನ ಮಾರ್ಕ್ಸ್ ಕೇಳುವುದರಲ್ಲೇ ಕಳೆಯುವ ಅಪ್ಪಂದಿರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. “ಊಟ ಸೇರ್ತದೇನಪ್ಪ, ನಿದ್ದಿ ಬರ್ತದೇನು?” ಎಂದು ಕೇಳಿ ಉತ್ತರಕ್ಕೆ ಕಾಯುವುದರಿಂದ ರ‍್ಯಾಂಕಿಗೇನೂ ಕೊರತೆಯಾಗದು.

ಇನ್ನು ಕೋಚ್‌ಗಳ ವಿಷಯ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಅಂಥದ್ದೇನೂ ಬೇಕಿಲ್ಲ. ಎಲ್ಲಿ ಕಲಿತಿರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದಿರಿ, ಯಾವ ತೊಂದರೆ ಕಂಡರೆ ವೈದ್ಯರ ಹತ್ತಿರ ಕಳಿಸುತ್ತೀರಿ ಎಂದು ಧೈರ್ಯವಾಗಿ ಕೇಳಿ. ಹತ್ತು ಪ್ರಶ್ನೆಗೆ ಟಿಕ್ ಹಾಕಿಸಿ “ನಿಮ್ಮ ಗಂಡ ಇಂಥ ಬಗೆಯವರು” ಎಂದು ಹಣೆಪಟ್ಟಿ ಕಟ್ಟುವವರಿಂದ ದೂರವಿರಿ. ಚಿಕ್ಕಂದಿನಲ್ಲಿ ಕಲಿತದ್ದು ಒಳ್ಳೆಯ ಒಡನಾಟದಲ್ಲಿ ಬದಲಾಗುತ್ತದೆ ಎಂಬುದು ಇದೇ ಸಂಶೋಧನೆಯ ಮಾತು.

ಹೊಡೆತ ಬಡಿತ ಇರುವ ಮನೆಗೆ ಮಾತ್ರ ಈ ಯಾವುದೂ ಅನ್ವಯಿಸದು. ಪೆಟ್ಟು ತಿನ್ನುವ ಹೆಂಗಸಿಗೆ ಗಂಡನ ಬಾಲ್ಯದ ಗಾಯ ಅರ್ಥ ಮಾಡಿಕೊಳ್ಳಿ ಎನ್ನುವುದು ಅನ್ಯಾಯ. “ಮನೆಯಲ್ಲಿ ಯಾರಿಗಾದರೂ ಯಾರದಾದರೂ ಭಯವಿದೆಯೇ?” ಎಂಬುದನ್ನು ಒಳ್ಳೆಯ ಸಲಹೆಗಾರರು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮೊದಲೇ ಕೇಳುತ್ತಾರೆ. ಇದೆ ಎಂದಾದರೆ ಹೋಗಬೇಕಾದದ್ದು ಹೈದರಾಬಾದ್ ಪೊಲೀಸರು 2016ರಲ್ಲಿ ತೆರೆದ ಭರೋಸಾ ಕೇಂದ್ರಕ್ಕೆ, ಇಲ್ಲವೇ ಕರೆ ಮಾಡಬೇಕಾದದ್ದು ಮಹಿಳಾ ಸಹಾಯವಾಣಿ 181ಕ್ಕೆ. ಭಯವಿಲ್ಲ, ಆದರೆ ಮನಸ್ಸು ತೀರಾ ಕುಗ್ಗಿದೆ ಎಂದಾದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ 14416 ಇದೆ. ಅದಕ್ಕೆ ಫೀಸಿಲ್ಲ, ಕನ್ನಡದಲ್ಲೂ ಮಾತಾಡಬಹುದು.