ಹೊಸ ಲೇಪನದ ಬೈಕ್ ಚಕ್ರಕ್ಕೆ ಬೇರಿಂಗ್ ಮರುಜೋಡಣೆ

ಒಣ ಬಣ್ಣದ ಪುಡಿಯನ್ನು ಸಿಂಪಡಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುವ ಪೌಡರ್ ಕೋಟಿಂಗ್ ಮುಗಿದ ಮೇಲೆ, ಚಕ್ರದಲ್ಲಿ ಬೇರಿಂಗ್ ಕೂರುವ ಗೂಡಿನಲ್ಲೂ ಡಿಸ್ಕ್ ತಾಗುವ ಮುಖದಲ್ಲೂ ಬಣ್ಣ ಉಳಿದಿದ್ದರೆ ಅದನ್ನು ಪೂರ್ತಿ ತೆಗೆಯಬೇಕು. ಇಲ್ಲದಿದ್ದರೆ ಬೇರಿಂಗ್ ಓರೆಯಾಗಿ ಕೂತು, ಡಿಸ್ಕ್ ಓಲಾಡುತ್ತದೆ.

ಹೊಸ ಬೇರಿಂಗನ್ನು ಫ್ರೀಜರ್‌ನಲ್ಲಿಟ್ಟು, ಚಕ್ರದ ನಡುಭಾಗವಾದ ಹಬ್ಬನ್ನು ಹೀಟ್ ಗನ್‌ನಿಂದ ಹದವಾಗಿ ಬಿಸಿ ಮಾಡಿದರೆ, ಒಂದು ಕುಗ್ಗಿ ಇನ್ನೊಂದು ಹಿಗ್ಗುವುದರಿಂದ ಜೋಡಣೆ ಸಲೀಸಾಗುತ್ತದೆ. ಹೊರಬಳೆಯ ಅಳತೆಯ ಸಾಕೆಟ್ ಇಟ್ಟು ಬಡಿಯಬೇಕೇ ಹೊರತು ಒಳಬಳೆಗೆ ಪೆಟ್ಟು ಬೀಳಬಾರದು, ಏಕೆಂದರೆ ಆ ಪೆಟ್ಟು ಗುಂಡುಗಳ ಮೂಲಕ ಹಾದು ಅವು ಉರುಳುವ ಹಾದಿಯಲ್ಲಿ ತಗ್ಗು ಮೂಡಿಸುತ್ತದೆ.

ಎರಡನೆಯ ಬೇರಿಂಗ್‌ಗೆ ಮುನ್ನ, ಒಳಬಳೆಗಳ ನಡುವಿನ ಅಂತರ ಕಾಯುವ ಕೊಳವೆಯಾದ ಸ್ಪೇಸರನ್ನು ಮರೆಯದೆ ಹಾಕಬೇಕು. ಡಿಸ್ಕ್ ಬೋಲ್ಟುಗಳನ್ನು ಎದುರುಬದುರಾಗಿ, ಸರ್ವಿಸ್ ಮ್ಯಾನ್ಯುಯಲ್ ಸೂಚಿಸುವ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಒಳಬಳೆ ಬೆರಳಿಗೆ ಸಲೀಸಾಗಿ ತಿರುಗದಿದ್ದರೆ ಆ ಚಕ್ರವನ್ನು ಬೈಕಿಗೆ ಜೋಡಿಸಬಾರದು.