ಬಿಸಿಲ ಸೀಮೆಯ ಸೋಫಾಕ್ಕೂ ಬೂಷ್ಟು

ತೋರಣಗಲ್ಲಿನ ಓದುಗರೊಬ್ಬರ ಪ್ರಶ್ನೆ: ‘ನಮ್ಮದು ಮಲೆನಾಡಲ್ಲ. ಆದರೂ ಸೋಫಾದ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ, ಯಾಕೆ?’

ಬೂಷ್ಟು ಊರಿನ ಹವೆ ಕೇಳುವುದಿಲ್ಲ. ಗೋಡೆಗೂ ಸೋಫಾಕ್ಕೂ ನಡುವಿನ ನಾಲ್ಕು ಬೆರಳಿನ ಸಂದಿಯ ಹವೆ ಕೇಳುತ್ತದೆ. ಅಲ್ಲಿ ಸಾಪೇಕ್ಷ ಆರ್ದ್ರತೆ ಶೇ 80ರ ಆಸುಪಾಸು ಕೆಲವು ದಿನ ನಿಂತರೆ ಸಾಕು. ಏಪ್ರಿಲ್‌ನಲ್ಲಿ ಏರ್‌ಕೂಲರ್ ಚೆಲ್ಲುವ ತೇವವನ್ನು ಒಣಗಾಳಿ ಕುಡಿದುಬಿಡುತ್ತದೆ. ಸಂಡೂರು ಗುಡ್ಡದ ಮೇಲೆ ಮೋಡ ಕೂತ ಸೆಪ್ಟೆಂಬರ್‌ನಲ್ಲಿ ಕಿಟಕಿ ಮುಚ್ಚಿ ಅದೇ ಕೂಲರ್ ಹಾಕಿದರೆ, ಆ ತೇವಕ್ಕೆ ಬಟ್ಟೆಯೇ ಗತಿ.

ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೇನೆಗೆ ಇದೇ ಕಾಟ. ಹತ್ತಿಯ ಡೇರೆ, ಸಮವಸ್ತ್ರ ಎಲ್ಲ ಕೊಳೆತುಹೋದವು. ಸಾಲೊಮನ್ ದ್ವೀಪಗಳಲ್ಲಿ ಸಿಕ್ಕ ಹಸಿರು ಬೂಷ್ಟೊಂದಕ್ಕೆ ‘ಕ್ಯುಎಂ6ಎ’ ಎಂಬ ಗುರುತು ಬಿತ್ತು. ಸೇನೆಯ ಪ್ರಯೋಗಾಲಯದಲ್ಲಿ ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಅದರ ಬೆನ್ನುಹತ್ತಿದರು. ಹತ್ತಿಯ ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆಯುವ ಸೆಲ್ಯುಲೇಸ್ ಎಂಬ ಕಿಣ್ವಗಳೇ ಅದರ ಹಲ್ಲು ಎಂಬುದು ಸ್ಪಷ್ಟವಾಯಿತು. 1977ರಲ್ಲಿ ಅದಕ್ಕೆ ರೀಸ್ ಹೆಸರೇ ಬಂತು: ಟ್ರೈಕೋಡರ್ಮಾ ರೀಸಿಯೈ. ಬಟ್ಟೆ ಉಳಿಸಲು ಹೊರಟ ಸಂಶೋಧನೆಯಿಂದ ಬಟ್ಟೆ ಸವೆಸುವ ಉದ್ಯಮ ಹುಟ್ಟಿದ್ದು ತಮಾಷೆ! ಹೊಸ ಜೀನ್ಸ್‌ಗೆ ಹಳೇ ಮಾಸಲು ಬಣ್ಣ ತರಲು ಪ್ಯೂಮಿಸ್ ಕಲ್ಲಿನ ಬದಲು ಈಗ ಸೆಲ್ಯುಲೇಸ್ ಬಳಸುತ್ತಾರೆ. ಜೀನ್ಸ್‌ಗೆ ಹೆಸರಾದ ಬಳ್ಳಾರಿಯ ಪಕ್ಕದಲ್ಲಿರುವವರಿಗೆ ಇದು ಗೊತ್ತಿರಲಿ.

ಈ ಕಿಣ್ವ ಒಂದೊಂದು ಕೊಂಡಿ ಕತ್ತರಿಸುವಾಗಲೂ ಒಂದು ನೀರಿನ ಅಣು ಖರ್ಚಾಗುತ್ತದೆ. ನೀರು ತಪ್ಪಿಸಿದರೆ ಅದರ ಆಟ ಮುಗಿಯಿತು. ಸೋಫಾದ ಬಟ್ಟೆ ಪಾಲಿಯೆಸ್ಟರ್ ಆದರೆ ಅದು ಬೂಷ್ಟಿಗೆ ಆಹಾರವಲ್ಲ, ನಿಜ; ಆದರೆ ಮೇಲೆ ಕೂತ ಚರ್ಮದ ಹೊಟ್ಟು, ತಲೆಯೆಣ್ಣೆ, ಚೆಲ್ಲಿದ ಚಹಾ ಆಹಾರವೇ. ನಿಮ್ಮ ಕಡೆಯ ಅದಿರಿನ ಕೆಂಪು ಧೂಳು ಮಾತ್ರ ಇಲ್ಲಿ ನಿರಪರಾಧಿ.

ಹಾಗಾಗಿ ‘ಬೂಷ್ಟು ಶಾಶ್ವತ ನಿವಾರಣೆ’ ಎನ್ನುವ ಸ್ಪ್ರೇಗಳನ್ನು ನಾನು ನಂಬುವುದಿಲ್ಲ. ಇವತ್ತಿನ ಬೂಷ್ಟು ಸತ್ತರೂ ನಾಳೆ ಗಾಳಿಯಲ್ಲಿ ಹೊಸ ಬೀಜಕಣ ಬರುತ್ತವೆ. ಸೋಫಾವನ್ನು ಗೋಡೆಯಿಂದ ಅರ್ಧ ಅಡಿ ಸರಿಸಿ. ನೆನೆದದ್ದನ್ನು 24ರಿಂದ 48 ಗಂಟೆಯೊಳಗೆ ಫ್ಯಾನ್ ಹಾಕಿ ಒಣಗಿಸಿ. ಆರ್ದ್ರತೆ ಮಾಪಕ ಶೇ 60 ದಾಟಿದರೆ ಕೂಲರ್‌ನ ಪಂಪ್ ನಿಲ್ಲಿಸಿ, ಫ್ಯಾನ್ ಮಾತ್ರ ಓಡಿಸಿ. ಹಿಡಿದ ಬೂಷ್ಟನ್ನು ಮನೆಯೊಳಗೆ ಕೊಡವಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದ ಬಿಸಿಲಲ್ಲಿ ಬ್ರಷ್ ಮಾಡಿ. ವಾಸನೆ ಫೋಮ್‌ನೊಳಗಿಂದ ಬರುತ್ತಿದ್ದರೆ ಕವರ್ ಬದಲಿಸಿ ಪ್ರಯೋಜನವಿಲ್ಲ, ಫೋಮನ್ನೇ ಬದಲಿಸಬೇಕು.