ನದಿಯ ತಳಕ್ಕೆ ಎರೆ ಮುಟ್ಟಿಸುವ ಬಗೆ

ಪ್ರಶ್ನೆ: ಇಂಗ್ಲೆಂಡಿನ ಟ್ರೆಂಟ್ ನದಿಯಲ್ಲಿ ಬಾರ್ಬೆಲ್ ಮೀನು ಹಿಡಿಯುವವರು ಗಾಳದ ಜೊತೆ ಪುಟ್ಟ ಪಂಜರದಂಥದ್ದನ್ನೂ ನೀರಿಗೆಸೆಯುತ್ತಾರೆ. ಅದೇನು? ಎಲ್ಲರದೂ ಒಂದೇ ಥರ ಯಾಕಿರುವುದಿಲ್ಲ?

ಉತ್ತರ: ಅದು ಫೀಡರ್. ಬಾರ್ಬೆಲ್ ಕೂಡ ನಮ್ಮ ಕಾವೇರಿಯ ಮಹಶೀರ್‌ನಂತೆ ಗೆಂಡೆ ಕುಟುಂಬದ್ದು. ನಾಲ್ಕು ಮೀಸೆಗಳಿಂದ ತಳ ತಡಕುತ್ತಾ ಮೇಯುತ್ತದೆ. ಹರಿಯುವ ನೀರಿಗೆ ಕೈಯಿಂದ ಕಾಳು ಎರಚಿದರೆ ಅದು ಎಲ್ಲೋ ಮುಂದೆ ಹೋಗಿ ಇಳಿಯುತ್ತದೆ, ಗಾಳ ಇಲ್ಲೇ ಉಳಿಯುತ್ತದೆ. ಗಾಳದ ಪಕ್ಕದಲ್ಲೇ ತಿಂಡಿ ಬಿಚ್ಚಿಕೊಳ್ಳಬೇಕು, ಅಷ್ಟೇ ಫೀಡರಿನ ಕೆಲಸ.

ಒಳಗೇನು ತುಂಬುತ್ತೀರಿ ಎಂಬುದರ ಮೇಲೆ ಆಯ್ಕೆ. ನೊಣದ ಹುಳುಗಳಿಗೆ ಎರಡೂ ತುದಿ ಮುಚ್ಚಿದ, ಮೈಯೆಲ್ಲ ತೂತುಗಳಿರುವ ಕೊಳವೆ. ಹುಳುಗಳು ತಾವೇ ಹರಿದು ಹೊರಬರುತ್ತವೆ. ಪೆಲೆಟ್, ಹೆಂಪ್ ಬೀಜವಾದರೆ ತುದಿ ತೆರೆದ ಕೊಳವೆಗೆ ತುಂಬಿ, ಎರಡೂ ಬದಿಗೆ ಕಲಸಿದ ಹಿಟ್ಟಿನ ಬಿರಡೆ ಹಾಕುತ್ತಾರೆ. ತಂತಿಬಲೆಯ ಪಂಜರ ಬೇಗ ಖಾಲಿಯಾಗುತ್ತದೆ. ಸೆಳೆತವಿದ್ದಲ್ಲಿ ತಳ ಮುಟ್ಟುವ ಮೊದಲೇ ಬರಿದಾದೀತು.

ಫೀಡರ್ ಉರುಳಿಹೋಗುತ್ತಿದ್ದರೆ ಅದರ ಭಾರ ಹೆಚ್ಚಿಸುವ ಮೊದಲು ದಾರವನ್ನು ತುಸು ಸಡಿಲ ಬಿಟ್ಟು ನೋಡಬೇಕು. ದಾರ ಬಿಲ್ಲಿನಂತೆ ಬಾಗಿದರೆ ನೇರ ಎಳೆತ ತಗ್ಗಿ ಹಗುರ ಫೀಡರೂ ನಿಲ್ಲುತ್ತದೆ.

ದಡದ ಹತ್ತಿರವೇ ಮೀನಿದ್ದರೆ ನನ್ನ ಮತ ಬೈಟ್ ಡ್ರಾಪರ್‌ಗೆ. ಈ ಡಬ್ಬಿಯ ಅಡಿಯಲ್ಲಿ ಭಾರದ ಕಡ್ಡಿಯೊಂದಿದೆ; ಅದು ತಳಕ್ಕೆ ತಾಗಿದ ಕ್ಷಣ ಬಾಗಿಲು ತೆರೆದು ತಿಂಡಿಯೆಲ್ಲ ಒಂದೇ ಕಡೆ ಸುರಿಯುತ್ತದೆ. ಗಾಳ ಹಾಕುವ ಮುನ್ನವೇ ಹೀಗೆ ಉಣಿಸಿ, ಸ್ವಲ್ಪ ಹೊತ್ತು ಸುಮ್ಮನಿರುವುದು ಜಾಣತನ. ಚಳಿಗಾಲದಲ್ಲಿ ಮೀನಿಗೆ ಹಸಿವೇ ಕಡಿಮೆ; ಪುಟ್ಟ ಫೀಡರ್ ಸಾಕು. ಅಂದ ಹಾಗೆ, ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಈ ಮೀನಿಗೆ ಗಾಳ ಹಾಕುವಂತಿಲ್ಲ.